ವಿಲ್ಮಾರನ ಕಲ್ಲುಮುಖ

ಮಾರ್ಚ್ ತಿಂಗಳ ಒಂದು ಗುರುವಾರ, ಬೆಳಿಗ್ಗೆ ಹತ್ತೂವರೆಗೆ, ಅರ್ಜೆಂಟೀನಾ ಗಡಿಯ ಈಚೆಗಿನ ಸಾಲ್ತೋ ಊರಿನ ನಗರಸಭೆಯ ವಾಹನ ನೋಂದಣಿ ವಿಭಾಗದಲ್ಲಿ ಯಾರದೋ ಮೋಟಾರ್‌ಸೈಕಲ್ಲಿನ ಅರ್ಜಿಗೆ ಠಸ್ಸೆ ಒತ್ತುತ್ತಿದ್ದಾಗ ವಿಲ್ಮಾರ್ ಬೆಂತಾಂಕೋರನಿಗೆ ಜ್ಞಾನೋದಯವಾಯಿತು. ಜ್ಞಾನೋದಯಕ್ಕೆ ಅರಳಿಮರವೇ ಬೇಕೆಂದೇನಿಲ್ಲ, ಮಿಣುಕುವ ಟ್ಯೂಬ್‌ಲೈಟಿನ ಕೆಳಗೂ ಆಗುತ್ತದೆ. ತಾನು ಹುಟ್ಟಿರುವುದು ಠಸ್ಸೆ ಒತ್ತುವುದಕ್ಕಲ್ಲ, ಪೋಕರ್ ಆಡುವುದಕ್ಕೆ. ಹದಿನೇಳು ವರ್ಷ ಈ ಸಣ್ಣ ಸಂಗತಿ ಹೊಳೆಯದೆ ಹೋಯಿತಲ್ಲ ಎಂದು ಅವನಿಗೆ ತನ್ನ ಮೇಲೇ ಕನಿಕರ ಹುಟ್ಟಿತು.

ಆಧಾರವಿಲ್ಲದ ಜ್ಞಾನೋದಯವೇನಲ್ಲ ಅದು. ಹಳೇ ರೈಲ್ವೆ ಕ್ಲಬ್ಬಿನ ಶನಿವಾರದ ಪಂದ್ಯಗಳಲ್ಲಿ ಹಿಂದಿನ ಒಂದು ವರ್ಷದಲ್ಲಿ ಅವನು ಒಂಬತ್ತು ಸಲ ಗೆದ್ದಿದ್ದ. ಎದುರಾಳಿಗಳು ಪ್ರತಿ ಸಲವೂ ಅದೇ ಹನ್ನೊಂದು ಮಂದಿ, ಅವರಲ್ಲಿ ಇಬ್ಬರಿಗೆ ಕನ್ನಡಕ ಮನೆಯಲ್ಲೇ ಮರೆತು ಬರುವ ಅಭ್ಯಾಸ, ಮತ್ತೊಬ್ಬ ಪಾದ್ರಿಯಾಗಿದ್ದು, ಇಲ್ಲದ ಎಲೆ ಇದೆಯೆಂದು ಸುಳ್ಳು ನಂಬಿಸುವಾಗಲೆಲ್ಲ ಮೊದಲು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದ. ಆದರೂ ಗೆಲುವು ಗೆಲುವೇ. ಫೆಬ್ರವರಿಯಲ್ಲಂತೂ ಸಂಬಳಕ್ಕಿಂತ ಹೆಚ್ಚು ಗೆದ್ದಿದ್ದ. ಜನವರಿಯ ಮಾತನ್ನು ಅವನು ಎತ್ತುತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನೇ ಹೆಂಡತಿ ನಿಬಿಯಾಳಿಗೆ ವಿಷಯ ತಿಳಿಸಿದ. ಈ ಊರಿನಲ್ಲಿ ಎಲ್ಲರೂ ಎಲೆಯನ್ನೇ ನಂಬಿ ಬದುಕುತ್ತಾರೆ, ಬೆಳಗಾದರೆ ಚಹಾದ ಹಾಗೆ ಕುಡಿಯುವ ‘ಮಾತೆ’ ಎಂಬ ಎಲೆಯ ಕಷಾಯ ಹೀರದೆ ಒಬ್ಬನೂ ಏಳುವುದಿಲ್ಲ, ತಾನು ಇಸ್ಪೀಟೆಲೆ ನಂಬಿದರೆ ತಪ್ಪೇನು ಎಂದು ಕೇಳಿದ. ಈ ಮಾತನ್ನು ಅವನು ಬಸ್ಸಿನಲ್ಲೇ ಸಿದ್ಧಮಾಡಿಕೊಂಡು ಬಂದಿದ್ದ.

ನಿಬಿಯಾ ಪ್ರಾಥಮಿಕ ಶಾಲೆಯ ಮೇಷ್ಟ್ರಮ್ಮ. ಇಪ್ಪತ್ತು ವರ್ಷದಿಂದ ಐದನೇ ತರಗತಿಯ ಸುಳ್ಳುಗಳನ್ನು ಕೇಳಿ ಪಳಗಿದ ಕಿವಿ. ಅವಳು ಕೂಗಾಡಲಿಲ್ಲ, ಅಳಲಿಲ್ಲ. ಕೈಯಲ್ಲಿದ್ದ ಕಾಪಿ ಪುಸ್ತಕವನ್ನು ಪಕ್ಕಕ್ಕಿಟ್ಟಳು.

“ನಗರಸಭೆ ಕೆಲಸದಿಂದ ಜನ ಹೊರಗೆ ಬರೋದು ಎರಡೇ ರೀತಿ, ವಿಲ್ಮಾರ್. ಒಂದು ಪಿಂಚಣಿ ತಗೊಂಡು, ಇನ್ನೊಂದು ಪೆಟ್ಟಿಗೇಲಿ ಮಲ್ಕೊಂಡು. ನೀನು ಮೂರನೇ ಬಾಗಿಲು ಹುಡುಕ್ತಾ ಇದ್ದೀಯ.”

ಅತ್ತೆ ಓಲ್ಗಾ ಹಿತ್ತಿಲ ಕೋಣೆಯಿಂದ ಬಂದು ಮಗಳ ಮಾತಿಗೆ ತನ್ನದೊಂದು ಉದಾಹರಣೆ ಸೇರಿಸಿದಳು. ಅವಳ ಗಂಡ, ದೇವರು ಅವನ ಆತ್ಮಕ್ಕೆ ಶಾಂತಿ ಕೊಡಲಿ, ರೈಲ್ವೆ ಕೆಲಸ ಬಿಟ್ಟು ಒಂದು ಜೂಜಿನ ಕುದುರೆ ಕೊಂಡಿದ್ದ. ಕುದುರೆ ಪಾಪ ಒಳ್ಳೆಯದೇ, ಅದರ ಮೇಲೆ ತನಗೆ ಯಾವ ದೂರೂ ಇಲ್ಲ ಎಂದು ಓಲ್ಗಾ ಹೇಳಿ ನಿಲ್ಲಿಸಿದಳು. ಗಂಡನ ಬಗ್ಗೆ ಏನೂ ಹೇಳಲಿಲ್ಲ. ಹೇಳಿದಷ್ಟೇ ಸಾಕಾಗಿತ್ತು.

ಕೊನೆಗೆ ನಿಬಿಯಾ ಒಂದು ಷರತ್ತು ಹಾಕಿದಳು. ಎರಡು ವಾರ ಕಳೆದು ಬರುವ ಶನಿವಾರ ನದಿದಡದ ಹೋಟೆಲಿನಲ್ಲಿ ದೊಡ್ಡ ಪಂದ್ಯವಿತ್ತು, ಗಡಿಯಾಚೆಯಿಂದ ಅರ್ಜೆಂಟೀನಾದವರೂ ಬರುವಂಥದ್ದು. ಅಲ್ಲಿ ಮೊದಲ ಮೂವರಲ್ಲಿ ಒಬ್ಬನಾದರೆ ಅವನು ರಾಜೀನಾಮೆ ಕೊಡಬಹುದು, ಅವಳು ತುಟಿ ಬಿಚ್ಚುವುದಿಲ್ಲ. ಆಗದಿದ್ದರೆ ಈ ಮನೆಯಲ್ಲಿ ಆ ಮಾತು ಮತ್ತೆ ಏಳಕೂಡದು. ವಿಲ್ಮಾರ್ ಧಾರಾಳವಾಗಿ ಒಪ್ಪಿದ. ಮೂವರಲ್ಲಿ ಒಬ್ಬನೇಕೆ, ಮೊದಲನೆಯವನೇ ಆಗಿ ತೋರಿಸುತ್ತೇನೆ ಎಂಬ ಮಾತು ಬಾಯಿಗೆ ಬಂದಿತ್ತು. ವಿನಯದಿಂದ ನುಂಗಿಕೊಂಡ.

ಆಟ ಅವನಿಗೆ ಗೊತ್ತಿತ್ತು. ಎಣಿಕೆ ಗೊತ್ತಿತ್ತು. ಕೊರತೆಯಿದ್ದದ್ದು ಒಂದೇ, ಮುಖ. ಕೈಯಲ್ಲಿ ಎಕ್ಕಗಳ ಜೋಡಿಯಿರಲಿ, ಕೆಲಸಕ್ಕೆ ಬಾರದ ಎರಡು-ಏಳು ಇರಲಿ, ದೊಡ್ಡ ಆಟಗಾರನ ಮುಖ ಗೊಮ್ಮಟನ ಮುಖದ ಹಾಗಿರಬೇಕು. ಅದನ್ನು ಸಾಧಿಸಲು ಎರಡು ವಾರ ಮನೆಯಲ್ಲೂ ಕಚೇರಿಯಲ್ಲೂ ಯಾವುದಕ್ಕೂ ಮುಖ ಕದಲಿಸಬಾರದೆಂದು ನಿಶ್ಚಯಿಸಿದ. ಯಾರಿಗೂ ಹೇಳಲಿಲ್ಲ. ಹೇಳಿ ಮಾಡುವ ಅಭ್ಯಾಸ ಅಭ್ಯಾಸವೇ ಅಲ್ಲ. ಹೆಂಡತಿಯನ್ನೇ ಏಮಾರಿಸಬಲ್ಲ ಮುಖಕ್ಕೆ ಅರ್ಜೆಂಟೀನಾದವರು ಯಾವ ಲೆಕ್ಕ?

ಶುಕ್ರವಾರ ಮಧ್ಯಾಹ್ನ ಅತ್ತೆಯ ಬೇಳೆ ಸಾರಿನಿಂದ ಸಾಧನೆ ಶುರುವಾಯಿತು. ಓಲ್ಗಾಳ ಬೇಳೆ ಸಾರು ಸಮುದ್ರಕ್ಕೆ ಪಾಠ ಹೇಳುವಷ್ಟು ಉಪ್ಪು. ಹತ್ತೊಂಬತ್ತು ವರ್ಷದಿಂದ ಅದನ್ನು ತಿನ್ನುವಾಗ ಅಳಿಯನ ಮುಖ ಹಿಂಡಿದ ನಿಂಬೆಹಣ್ಣಾಗುತ್ತಿತ್ತು. ಅಂದು ಆಗಲಿಲ್ಲ. ಅವನು ಒಂದೊಂದು ಚಮಚವನ್ನೂ ಸಮಾಧಿಸ್ಥಿತಿಯಲ್ಲಿ ನುಂಗಿದ. ಅತ್ತೆಗೆ ಕಣ್ಣು ತುಂಬಿ ಬಂತು. ಕೊನೆಗೂ ಅಳಿಯನಿಗೆ ತನ್ನ ಕೈರುಚಿ ಹತ್ತಿತೆಂದು ಎರಡನೇ ಬಟ್ಟಲು ಬಡಿಸಿದಳು. ಶನಿವಾರ, ಭಾನುವಾರ, ಸೋಮವಾರ ಮತ್ತೆ ಅದೇ ಸಾರು ಮಾಡಿದಳು.

ಭಾನುವಾರ ನಿಬಿಯಾ ತನ್ನ ತಮ್ಮ ಬಂದು ಒಂದು ತಿಂಗಳು ಇರುತ್ತಾನೆ ಎಂದಳು. ವಿಲ್ಮಾರನ ಮುಖ ಕದಲಲಿಲ್ಲ. ಮೌನಂ ಸಮ್ಮತಿ ಲಕ್ಷಣಂ. ಸೋಮವಾರ ಅಡುಗೆಮನೆಗೆ ಹಸಿರು ಬಣ್ಣ ಹೊಡೆಸೋಣವೇ ಎಂದಳು. ಸಮ್ಮತಿ. ಮಂಗಳವಾರ ಅವನ ಹಳೇ ಒರಗುಕುರ್ಚಿಯನ್ನು ಶಾಲೆಯ ನಾಟಕಕ್ಕೆ ಕೊಟ್ಟುಬಿಡಲೇ ಎಂದು ಕೇಳಿದಳು. ಆ ಕುರ್ಚಿ ಅವನಿಗೆ ಹೆಂಡತಿಗಿಂತ ಎರಡು ವರ್ಷ ಹಳೆಯ ಸಂಗಾತಿ. ಒಳಗೊಳಗೇ ಕರುಳು ಕಿತ್ತುಬಂದರೂ ಹೊರಗೆ ಗೊಮ್ಮಟ ಗೊಮ್ಮಟನಾಗಿಯೇ ನಿಂತ. ಸಂಜೆಗೆ ಕುರ್ಚಿ ಕೈಗಾಡಿಯೇರಿ ಹೋಯಿತು.

ಇಷ್ಟೆಲ್ಲ ನಷ್ಟದಿಂದಲೂ ಅವನು ಎದೆಗುಂದಲಿಲ್ಲ, ಏಕೆಂದರೆ ಬುಧವಾರ ಕಲ್ಲುಮುಖ ಫಲ ಕೊಟ್ಟಿತು. ಕಚೇರಿಯ ದೊಡ್ಡ ಅಧಿಕಾರಿ ಟೆಚೇರಾ ಅವನನ್ನು ಒಳಗೆ ಕರೆಸಿ, ವಿಭಾಗದ ಮುಖ್ಯಸ್ಥ ನಿವೃತ್ತನಾಗುತ್ತಿದ್ದಾನೆ, ಆ ಜಾಗಕ್ಕೆ ನಿಮ್ಮನ್ನೇ ಯೋಚಿಸಿದ್ದೇವೆ ಎಂದ. ಹದಿನೇಳು ವರ್ಷದಿಂದ ಕಾದ ಮಾತು. ಬೇರೆ ದಿನವಾಗಿದ್ದರೆ ವಿಲ್ಮಾರ್ ಮೇಜು ಹಾರಿ ಅವನನ್ನು ತಬ್ಬಿಕೊಳ್ಳುತ್ತಿದ್ದ. ಅಂದು ಬರಿದೇ ನೋಡಿದ. ಟೆಚೇರಾ ಕೆಮ್ಮಿದ. ನದಿಯ ಕಡೆಯ ಪ್ರತ್ಯೇಕ ಕೋಣೆಯನ್ನೂ ಕೊಡಬಹುದು ಎಂದ. ವಿಲ್ಮಾರ್ ನೋಡುತ್ತಲೇ ಇದ್ದ. ಟೆಚೇರಾ ಪೆನ್ನನ್ನು ಆ ಕಡೆಯಿಂದ ಈ ಕಡೆಗಿಟ್ಟು, ಶುಕ್ರವಾರ ಮಧ್ಯಾಹ್ನವೇ ಮನೆಗೆ ಹೋಗುವ ಅನುಕೂಲವನ್ನೂ ಸೇರಿಸಿದ. ಯೋಚಿಸಿ ಹೇಳುತ್ತೇನೆ ಎಂದು ವಿಲ್ಮಾರ್ ಎದ್ದು ಬಂದ. ಮೂತ್ರಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಐದು ನಿಮಿಷ ಒಬ್ಬನೇ ನಕ್ಕ. ತಮಾಷೆಯೆಂದರೆ, ಕೆಲಸ ಬಿಡಲು ಕಲಿತ ವಿದ್ಯೆಯಿಂದಲೇ ಕೆಲಸ ದೊಡ್ಡದಾಗುತ್ತಿತ್ತು. ಎರಡೂ ಕೈಯಲ್ಲಿ ಲಾಡು. ಯಾವುದನ್ನು ಬಿಡುವುದು ಎಂಬುದಷ್ಟೇ ಉಳಿದ ಚಿಂತೆ.

ಆದರೆ ಎಂಟನೆಯ ದಿನ ಅತ್ತೆ ಹೌಹಾರಿದಳು. ಅವಳ ಬೆಕ್ಕು ಕಪಾಟಿನ ಮೇಲಿಂದ ವಿಲ್ಮಾರನ ತಲೆಯ ಮೇಲೆ ಹಾರಿತ್ತು, ಅವನು ಕಣ್ಣು ಕೂಡ ಮಿಟುಕಿಸಿರಲಿಲ್ಲ. ಮನುಷ್ಯಮಾತ್ರದವರಿಂದ ಆಗುವ ಕೆಲಸವೇ ಅದು? ಸಾರು ರುಚಿಸಿದ್ದಲ್ಲ, ನಾಲಿಗೆಯೇ ಸತ್ತಿದೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಅವಳ ಅಕ್ಕನಿಗೆ ಲಕ್ವ ಹೊಡೆದಾಗಲೂ ಶುರುವಾದದ್ದು ಹೀಗೆಯೇ. ಅಕ್ಕಪಕ್ಕದವರು ಸೇರಿದರು. ಒಬ್ಬಾಕೆ ಅವನ ಕೆನ್ನೆ ಚಿವುಟಿ ನೋಡಿದಳು. ನಿಬಿಯಾ ಗಂಭೀರವಾಗಿ ಕೈಚೀಲ ತೆಗೆದುಕೊಂಡು ಅವನನ್ನು ಚಿಕಿತ್ಸಾಲಯಕ್ಕೆ ಹೊರಡಿಸಿದಳು. ಅತ್ತೆಯೂ ಬೆನ್ನು ಹತ್ತಿದಳು.

ವೈದ್ಯ ಬಿದೆಗಾಯಿನ್ ಎಳೆಯ ವಯಸ್ಸಿನವನು, ಅತಿ ಎಚ್ಚರಿಕೆಯ ಮನುಷ್ಯ. ಹುಬ್ಬು ಏರಿಸಿ ಎಂದ, ಕೆನ್ನೆ ಉಬ್ಬಿಸಿ ಎಂದ, ಹಲ್ಲು ತೋರಿಸಿ ಎಂದ. ವಿಲ್ಮಾರ್ ಇಕ್ಕಟ್ಟಿಗೆ ಸಿಕ್ಕ. ಹಲ್ಲು ತೋರಿಸಿದರೆ ಎಂಟು ದಿನದ ನಾಟಕ ಹೆಂಡತಿಯ ಮುಂದೆ ಬಯಲು. ಕುರ್ಚಿ ಹೋಗಿದೆ, ಭಾವಮೈದ ಬರುತ್ತಿದ್ದಾನೆ, ಅಡುಗೆಮನೆ ಅರ್ಧ ಹಸಿರಾಗಿದೆ, ಎಲ್ಲ ಯಾವ ಪುರುಷಾರ್ಥಕ್ಕೆ ಎಂದು ಅವಳು ಕೇಳಿದರೆ? ಅವನು ಕದಲಲಿಲ್ಲ. ವೈದ್ಯ ಮುಖದ ನರ ಊದಿಕೊಂಡಿದೆ ಎಂದು ತೀರ್ಮಾನಿಸಿ, ಮಾತ್ರೆ ಬರೆದು, ಸೋಮವಾರದಿಂದ ಒಂದು ವಾರ ಕಚೇರಿಗೆ ಹೋಗಕೂಡದೆಂದು ಚೀಟಿ ಕೊಟ್ಟ. ಚೀಟಿ ಕಂಡ ಟೆಚೇರಾ ಮರುಗಿ, ಗುಣವಾದ ಪ್ರಮಾಣಪತ್ರ ತಂದ ದಿನವೇ ಹೊಸ ಹುದ್ದೆಯ ಮಾತು ಮುಗಿಸೋಣ ಎಂದು ಹೇಳಿಕಳಿಸಿದ.

ಅಭ್ಯಾಸಕ್ಕೆ ಸಂಬಳ ಸಮೇತ ಒಂದು ವಾರ ರಜೆ! ವಿಧಿಯೇ ತನ್ನ ಪಕ್ಷ ಸೇರಿದೆಯೆಂದು ವಿಲ್ಮಾರನಿಗೆ ಖಾತ್ರಿಯಾಯಿತು.

ಪಂದ್ಯದ ಶನಿವಾರ ಬೆಳಿಗ್ಗೆ ಹತ್ತಕ್ಕೆ ಹೋಟೆಲಿನಲ್ಲಿ ನೂರಾ ಹತ್ತು ಜನ ಸೇರಿದ್ದರು. ವಿಲ್ಮಾರ್ ಕಲ್ಲಿನಂತೆ ಕೂತು ಕಲ್ಲಿನಂತೆ ಗೆದ್ದ. ಕಪ್ಪು ಕನ್ನಡಕದ ಅರ್ಜೆಂಟೀನಾದವನೊಬ್ಬ ಇವನ ಮುಖವನ್ನು ಹತ್ತು ನಿಮಿಷ ಓದಿ, ಏನೂ ಸಿಗದೆ, ಒಳ್ಳೆಯ ಎಲೆಗಳನ್ನೇ ಬಿಸಾಕಿ ಎದ್ದು ಹೋದ. ಮಧ್ಯಾಹ್ನ ಮೂರರ ಹೊತ್ತಿಗೆ ಒಂಬತ್ತು ಜನ ಉಳಿದರು. ಕೊನೆಯ ಮೇಜಿಗೆ ಎಲ್ಲರೂ ಬಂದು ಕೂತರು. ವಿಲ್ಮಾರನ ಎದುರಿನ ಕುರ್ಚಿಗೆ ಬಂದವನು ವೈದ್ಯ ಬಿದೆಗಾಯಿನ್.

ವಿಲ್ಮಾರ್ ಸಿಕ್ಕಿಬಿದ್ದಿದ್ದ. ಕಾಯಿಲೆಯ ಚೀಟಿ ಪಡೆದವನು ಜೂಜಿನ ಮೇಜಿನಲ್ಲಿ! ಆದರೆ ವೈದ್ಯ ಬೇಸರಿಸಲಿಲ್ಲ. ಶನಿವಾರ ತನಗೂ ಇದೊಂದು ಹುಚ್ಚು, ನೀವು ಮನೆಯಲ್ಲಿ ಕೊರಗುತ್ತ ಕೂರುವ ಬದಲು ಜನರ ಮಧ್ಯೆ ಬಂದದ್ದು ಒಳ್ಳೆಯದಾಯಿತು, ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ ಎಂದು ವಿಚಾರಿಸಿದ. ವಿಲ್ಮಾರ್ ಹೂಂಗುಟ್ಟಿದ. ಮೇಜಿನ ಉಳಿದವರು ಅಯ್ಯೋ ಪಾಪ ಎಂಬಂತೆ ನೋಡಿದರು. ಆ ಕರುಣೆಯ ಮರೆಯಲ್ಲೇ ಅವನು ಇಬ್ಬರನ್ನು ಮನೆಗೆ ಕಳಿಸಿದ.

ಐದು ಗಂಟೆಗೆ ಉಳಿದವರು ನಾಲ್ವರು. ಇನ್ನೊಬ್ಬ ಎದ್ದುಹೋದರೆ ಷರತ್ತು ಗೆದ್ದಂತೆ. ಸುಮ್ಮನೆ ಕಾಯುತ್ತ ಕೂತಿದ್ದರೂ ಆಗುತ್ತಿತ್ತು, ಒಬ್ಬ ಮುದುಕನ ಮುಂದೆ ನಾಲ್ಕೇ ಪಣದ ಬಿಲ್ಲೆ ಉಳಿದಿದ್ದವು. ಆದರೆ ವೀರನಾದವನು ಮುದುಕ ಸೋಲುವುದನ್ನು ಕಾಯುತ್ತ ಕೂರುತ್ತಾನೆಯೇ? ಅವನ ಕೈಗೆ ಎರಡು ಮತ್ತು ಏಳು ಬಂದವು, ಪೋಕರಿನಲ್ಲಿ ಇದಕ್ಕಿಂತ ದರಿದ್ರ ಜೋಡಿಯಿಲ್ಲ. ಮೇಜಿನ ಮೇಲೆ ಎಲ್ಲರೂ ತಮ್ಮ ಎಲೆಗೆ ಸೇರಿಸಿಕೊಳ್ಳಬಹುದಾದ ಎಕ್ಕ, ರಾಜ, ಒಂಬತ್ತು ಬಿಚ್ಚಿಕೊಂಡವು. ಕೈಯಲ್ಲಿ ಎಕ್ಕವಿದೆಯೆಂದು ನಂಬಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ಉಳಿದಿಬ್ಬರು ಎಲೆ ಬಿಸಾಕಿದರು, ವೈದ್ಯನೊಬ್ಬ ಉಳಿದ. ವಿಲ್ಮಾರ್ ತನ್ನ ಬಿಲ್ಲೆಗಳ ಗೋಪುರವನ್ನೆಲ್ಲ ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ. ಹದಿನೇಳು ವರ್ಷದ ನೌಕರಿಯನ್ನು ತಳ್ಳಿದ ಹಾಗೆ ಅನ್ನಿಸಿತು, ಹಗುರವೂ ಅನ್ನಿಸಿತು.

ವೈದ್ಯ ತನ್ನ ಎಲೆ ನೋಡಿಕೊಂಡ. ಬಿಸಾಕಲೆಂದು ಕೈ ಎತ್ತಿದ. ಆಮೇಲೆ ಕೈ ಅಲ್ಲೇ ನಿಂತಿತು. ಮುಂದಕ್ಕೆ ಬಾಗಿ, ಆಟಗಾರ ನೋಡುವ ಹಾಗಲ್ಲದೆ ರೋಗಿಯನ್ನು ನೋಡುವ ಹಾಗೆ ವಿಲ್ಮಾರನನ್ನು ನೋಡಿದ.

“ಒಂದು ನಿಮಿಷ, ಬೆಂತಾಂಕೋರ್. ನಿಮ್ಮ ಎಡ ಹುಬ್ಬು ಅಲುಗಾಡ್ತು.”

ವಿಲ್ಮಾರ್ ಹುಬ್ಬನ್ನು ಬಿಗಿಹಿಡಿದ.

“ಇಲ್ಲ ಇಲ್ಲ, ಮತ್ತೆ ಅಲುಗಾಡ್ತಿದೆ. ತುಟಿ ತುದೀನೂ. ನರ ವಾಪಸ್ ಬಂದಿದೆ ಕಣ್ರೀ, ನನಗೆಷ್ಟು ಸಂತೋಷ ಆಗ್ತಿದೆ ಗೊತ್ತಾ?” ವೈದ್ಯನ ಕಣ್ಣು ನಿಜವಾಗಿಯೂ ತೇವವಾಗಿತ್ತು. ಹಿಂದಕ್ಕೆ ಒರಗಿ ಕೊಂಚ ಯೋಚಿಸಿದ. “ಆದ್ರೆ ಆಗಷ್ಟೇ ಚೇತರಿಸ್ಕೊಂಡ ನರ ಹೀಗೆ ನಡುಗೋದು ವಿಪರೀತ ಭಯ ಇದ್ದಾಗ ಮಾತ್ರ. ಕೈಲಿ ಎಕ್ಕ ಇರೋರಿಗೆ ಭಯ ಯಾಕೆ?”

ಅವನೂ ಎಲ್ಲ ಬಿಲ್ಲೆ ಮುಂದಿಟ್ಟ. ಕೈಯಲ್ಲಿದ್ದದ್ದು ಒಂದೇ ಒಂಬತ್ತು, ಮೇಜಿನದು ಸೇರಿ ಜೋಡಿ, ಎಕ್ಕದ ಮುಂದೆ ಸೋಲುವಂಥದ್ದು, ಎರಡು-ಏಳಕ್ಕೆ ಸಾಕಾಗುವಂಥದ್ದು. ವಿಲ್ಮಾರನ ಎರಡು-ಏಳು ಬಿಚ್ಚಿಕೊಂಡಾಗ ಮುದುಕ ಮಾತ್ರ ಕೆಮ್ಮಿದ. ನಾಲ್ಕನೇ ಸ್ಥಾನ. ಎದ್ದು ನಿಂತವನ ಕೈ ಕುಲುಕಿ ವೈದ್ಯ, ನಾಳಿದ್ದು ಕೆಲಸಕ್ಕೆ ಹೋಗಲು ಯಾವ ಅಡ್ಡಿಯೂ ಇಲ್ಲ ಎಂದು, ಚೀಲದಲ್ಲಿದ್ದ ಹಾಳೆ ತೆಗೆದು ಅಲ್ಲೇ ಪ್ರಮಾಣಪತ್ರ ಬರೆದು, ಲಕೋಟೆಗೆ ಹಾಕಿ ಅಂಟಿಸಿ ಕೊಟ್ಟ.

ಮನೆಯಲ್ಲಿ ನಿಬಿಯಾ ಬಾಗಿಲು ತೆಗೆದಳು. ನಾಲ್ಕನೆಯವನಾದೆಯಾ ಎಂದು ಕೇಳಿದಳು. ಹೇಗೆ ಗೊತ್ತಾಯಿತೆಂದು ಅವನು ಬೆರಗಾದ. ಐದನೆಯವನಾಗಿದ್ದರೆ ಇಷ್ಟು ಹೊಟ್ಟೆಯುರಿ ಮುಖದಲ್ಲಿ ಇರುತ್ತಿರಲಿಲ್ಲ ಎಂದಳು. ಕಲ್ಲುಮುಖದ ಅಭ್ಯಾಸ ಅವಳಿಗೆ ಎರಡನೇ ದಿನವೇ ತಿಳಿದಿತ್ತಂತೆ. ಹಾಗಾದರೆ ಏಕೆ ಹೇಳಲಿಲ್ಲ ಎಂದದ್ದಕ್ಕೆ, ಅಡುಗೆಮನೆಗೆ ಬಣ್ಣ ಹೊಡೆಸಬೇಕೆಂದು ಆರು ವರ್ಷದಿಂದ ಕೇಳುತ್ತಿದ್ದೆನಲ್ಲ ಎಂದು ನೆನಪಿಸಿದಳು. ಹೋಗಲಿ, ಬೀದಿಗೇನೂ ಬಿದ್ದಿಲ್ಲ, ವಿಭಾಗದ ಮುಖ್ಯಸ್ಥನ ಕುರ್ಚಿ ಕಾಯುತ್ತಿದೆ ಎಂದು ರಾತ್ರಿಯ ಊಟದ ಹೊತ್ತಿಗೆ ಅವನ ಎದೆ ಮತ್ತೆ ಉಬ್ಬಿತ್ತು.

ಸೋಮವಾರ ಬೆಳಿಗ್ಗೆ ಲಕೋಟೆಯನ್ನು ಟೆಚೇರಾನ ಮೇಜಿನ ಮೇಲಿಟ್ಟ. ಟೆಚೇರಾ ಒಡೆದು, ಕನ್ನಡಕ ಸರಿಮಾಡಿಕೊಂಡು, ಗಟ್ಟಿಯಾಗಿ ಓದಿದ.

“‘ಮುಖದ ನರಗಳು ಪೂರ್ಣವಾಗಿ ಗುಣವಾಗಿವೆ. ಮನಸ್ಸಿನಲ್ಲಿ ಇರುವುದೆಲ್ಲ ಈಗ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಚೇರಿ ಕೆಲಸಕ್ಕೆ ಯೋಗ್ಯರು.’ ಒಳ್ಳೇದಾಯ್ತು ಬೆಂತಾಂಕೋರ್. ನಿಜ ಹೇಳ್ಬೇಕಂದ್ರೆ ಆವತ್ತು ನನಗೆ ಭಯ ಆಗಿತ್ತು. ಮುಖ್ಯಸ್ಥನ ಹುದ್ದೆ ನಿಮಗೆ ಸಾಲ್ತಿಲ್ಲ, ಬೇರೆ ಕಡೆ ಇನ್ನೇನೋ ದೊಡ್ಡದು ನೋಡ್ಕೊಂಡಿದ್ದೀರ ಅಂದ್ಕೊಂಡೆ. ಕಾಯಿಲೆ ಅಂತ ನನಗೇನು ಗೊತ್ತು? ಈಗ ಹೇಳಿ, ಹುದ್ದೆ ನಿಮಗೆ ಒಪ್ಪಿಗೇನಾ?”

ಯೋಚಿಸುತ್ತಿದ್ದೇನೆ ಎಂದು ಘನತೆಯಿಂದ ಹೇಳಬೇಕೆಂದು ವಿಲ್ಮಾರ್ ಬಾಯಿ ತೆರೆದ. ಅಷ್ಟರಲ್ಲಿ ಹದಿನೇಳು ವರ್ಷದಿಂದ ಒಳಗೆ ಕಾದು ಕುಳಿತ ಸಂತೋಷ ಎರಡು ವಾರದ ಬೀಗ ಮುರಿದುಕೊಂಡು ನುಗ್ಗಿತು. ತುಟಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಹರಿಯಿತು, ಹುಬ್ಬುಗಳು ಹಣೆ ದಾಟಿ ಕೂದಲು ಸೇರಿದವು, ಹಲ್ಲು ಮೂವತ್ತೆರಡೂ ಹಾಜರಿ ಹಾಕಿದವು.

ಟೆಚೇರಾ ಆ ಮುಖವನ್ನು ಸಾವಧಾನವಾಗಿ ಓದಿದ. ಆಮೇಲೆ ಪೆನ್ನು ಬಿಚ್ಚಿದ.

“ಹಾಗಾದ್ರೆ ನದಿ ಕಡೆ ಕೋಣೆ ಬೇಕಾಗಲ್ಲ. ಶುಕ್ರವಾರಾನೂ ಐದರವರೆಗೆ ಇರ್ತೀರಿ.”