ಬೋರಲು ಬುಟ್ಟಿ, ಬೆತ್ತದ ಕುರ್ಚಿ

ಮಧ್ಯಾಹ್ನದ ಊಟವಾದ ಮೇಲಿನ ಪಿರಿಯಡ್ಡಿನಲ್ಲಿ ಸಂವಿಧಾನ ಕಲಿಸುವವರಿಗೆ ಚಾಕ್‌ಪೀಸಿನ ಜೊತೆಗೆ ಒಂದು ದಿಂಬನ್ನೂ ಕೊಡಬೇಕು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಶಿರಾಲಿ ಕಡೆಯ ನಮ್ಮ ಹೈಸ್ಕೂಲಿನ ಕಿಟಕಿಗೆ ಸರಿಯಾಗಿ ಆ ಹೊತ್ತಿಗೇ ಸಮುದ್ರದ ಗಾಳಿ ಬರುತ್ತದೆ. ಬೋರ್ಡಿನ ಮೇಲೆ ‘ಮೂಲಭೂತ ಹಕ್ಕುಗಳು’ ಎಂದು ಬರೆದು ತಿರುಗುವಷ್ಟರಲ್ಲಿ ಹಿಂದಿನ ಬೆಂಚು ನಿದ್ದೆಗೆ ಜಾರಿರುತ್ತದೆ. ಪಾಠದ ಎರಡನೇ ಸಾಲಿಗೆ ನನಗೂ ಆಕಳಿಕೆ. ಆದ್ದರಿಂದ ನಾನು ಕಥೆ ಹೇಳುತ್ತೇನೆ. ಅಜ್ಜಿಯಂದಿರ ಕಥೆಗಳ ರಾಜರೆಲ್ಲ ನನ್ನ ತರಗತಿಗೆ ವಿಚಾರಣೆಗೆ ಬಂದು ಹೋಗಿದ್ದಾರೆ. ಬೇರೆಯವರ ಹಕ್ಕು ಕಸಿಯುವುದರಲ್ಲಿ ಅವರಿಗಿದ್ದ ಶ್ರದ್ಧೆ ದೊಡ್ಡದು.

ನನಗೆ ಕನಸು ಕಾಣುವ ಚಟವೂ ಇದೆ. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು; ಇದನ್ನು ಕೇಳದವರಿಗೂ ಹೇಳುತ್ತೇನೆ. ಆಯಿ, ಅಂದರೆ ನನ್ನಮ್ಮ, ಭಟ್ಕಳದ ಪೇಟೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದಳು. ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ನಾನು ಕಾಣುತ್ತಿದ್ದುದು ಒಂದೇ ಕನಸು: ಬೆಳಕೆ ಊರಿನ ನಮ್ಮ ಮನೆಯ ಜಗಲಿ, ಅಲ್ಲೊಂದು ಬೆತ್ತದ ಕುರ್ಚಿ, ಅದರಲ್ಲಿ ಕಾಲ ಮೇಲೆ ಕಾಲು ಹಾಕಿ ಚಾ ಕುಡಿಯುವ ಆಯಿ. ಹಿಂದೆ ತೆಂಗಿನ ಗರಿಗಳು ಮೆಲ್ಲಗೆ ಆಡುತ್ತಿರುತ್ತಿದ್ದವು. ಬಸ್ಸು ಗುಂಡಿಗೆ ಬಿದ್ದರೂ ಆ ಚಾ ಮಾತ್ರ ತುಳುಕುತ್ತಿರಲಿಲ್ಲ.

ನೌಕರಿ ಕಾಯಂ ಆದ ಮೇಲೆ ಕುರ್ಚಿ ತಂದೆ. ಆಯಿಗೆ ಸಣ್ಣ ಜ್ವರ ಬಂದದ್ದೇ ನೆಪವಾಗಿ, “ಇನ್ನು ಪೇಟೆ ಸಾಕು” ಎಂದು ತೀರ್ಪು ಕೊಟ್ಟೆ. ಪೇಟೆಯಲ್ಲಿ ಅವಳ ಜಾಗದ ಮೇಲೆ ಬುಟ್ಟಿ ಬೋರಲಾಗಿ ಬಿದ್ದಿತ್ತು. ಅದನ್ನೂ ಎತ್ತಿ ತಂದು, ತೊಳೆದು, ಅಟ್ಟಕ್ಕೆ ಏರಿಸಿದೆ.

ಆಯಿ ಕುರ್ಚಿಯ ತುದಿಯಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತಳು. ಪೇಟೆಯಲ್ಲಿ ಅವಳು ಕನ್ನಡ, ಕೊಂಕಣಿ, ನವಾಯತಿ ಮೂರರಲ್ಲೂ ಚೌಕಾಶಿ ಮಾಡುತ್ತಿದ್ದವಳು. ಮನೆಯಲ್ಲಿ ಒಂದು ಭಾಷೆಯೂ ಖರ್ಚಾಗಲಿಲ್ಲ. ವಿಶ್ರಾಂತಿ ಎಂದರೆ ಹೀಗೇ ಇರಬೇಕು ಅಂದುಕೊಂಡೆ.

ಆ ವಾರ ತರಗತಿಯಲ್ಲಿ ಸ್ವಾತಂತ್ರ್ಯದ ಹಕ್ಕು. ನಾನು ಏಳು ಉಪ್ಪರಿಗೆಯ ರಾಜಕುಮಾರಿಯ ಕಥೆ ತೆಗೆದೆ. ಮಗಳಿಗೆ ಬಿಸಿಲು ತಾಗಬಾರದೆಂದು ರಾಜ ಅವಳನ್ನು ಮೇಲೆ ಕೂರಿಸಿದ. ರೇಷ್ಮೆಯ ಹಾಸಿಗೆ, ಬೆಳ್ಳಿ ಬಟ್ಟಲಲ್ಲಿ ಹಾಲು, ಎಲ್ಲ ಇದೆ, ಕೆಳಗಿಳಿಯುವ ಹಾಗಿಲ್ಲ. ಹೇಳುತ್ತ ಹೇಳುತ್ತ ನಾನೇ ಆ ಉಪ್ಪರಿಗೆಯ ಗಾಳಿಯಲ್ಲಿ ತೇಲಿಹೋಗಿದ್ದೆ.

ಮುಂದಿನ ಬೆಂಚಿನ ಸುಜಾತಾ ಕೈ ಎತ್ತಿದಳು. ಪೇಟೆಯಲ್ಲಿ ಆಯಿಯ ಪಕ್ಕದಲ್ಲಿ ಕೂರುವ ಮಾದೇವಕ್ಕನ ಮೊಮ್ಮಗಳು.

“ರಾಜ ಅವ್ಳ ಹತ್ರ ಒಂದ್ ಮಾತು ಕೇಳಿದ್ನ, ಟೀಚರ್?”

“ಇಲ್ಲ. ಆದರೆ ಪ್ರೀತಿಯಿಂದ್ಲೇ ಮಾಡಿದ್ದು,” ಅಂದೆ. ಯಾಕೋ ಆ ರಾಜನ ಪರ ವಾದಿಸಬೇಕು ಅನಿಸಿತು.

“ನಿಮ್ ಬಗ್ಗೆ ನಮ್ಮಜ್ಜಿನೂ ಹಂಗೇ ಹೇಳ್ತರು, ಅಕ್ಕೋರು ಪ್ರೀತಿಗೇ ಮಾಡಿದ್ದು ಅಂತ. ಬುಟ್ಟಿ ಬೋರಲು ಇದ್ರೆ ಜಾಗದವ್ರು ಬತ್ತರು ಅಂತ ಲೆಕ್ಕ. ಬುಟ್ಟಿ ತೆಗೆದ್ರೆ ಜಾಗ ಬಿಟ್ಟಂಗೆ. ಈಗ ಬೇರೆಯವ್ರು ಕೇಳ್ತಾ ಇದ್ರಂತೆ, ಟೀಚರ್.”

ಹಿಂದಿನ ಬೆಂಚು ಎಂದೂ ಇಲ್ಲದಷ್ಟು ಎಚ್ಚರವಾಗಿತ್ತು. ನಾನು ಏನೂ ಬರೆಯದ ಬೋರ್ಡನ್ನು ಚೆನ್ನಾಗಿ ಒರೆಸಿದೆ. ‘ಇಷ್ಟವಾದ ಉದ್ಯೋಗ ಮಾಡುವ ಹಕ್ಕು’ ಅಂದಿನ ಪಾಠದಲ್ಲೇ ಇತ್ತು. ಅದನ್ನು ನಾಳೆಗೆ ದಾಟಿಸಿದೆ.

ಸಂಜೆ ಆಯಿಯ ಮುಂದೆ ನೆಲದ ಮೇಲೆ ಕೂತು ಕೇಳಿದೆ, “ಆಯಿ, ನಿಂಗೆ ಪೇಟೆಗೆ ಹೋಗ್ಬೇಕನಿಸ್ತದ?”

“ಈಗ ಕೇಳ್ತೆ ನೀನು?” ಅಂದಳು. “ಅಲ್ಲಿ ನನ್ನತ್ತೆ ಕೂತಿದ್ರು. ಅವ್ರ ನಂತ್ರ ನಾನು. ಆ ಜಾಗದಾಗೆ ಕೂತ್ರೆ ನಾನು ಯಾರು ಅಂತ ನಂಗೆ ಗೊತ್ತಿರ್ತದೆ ಮಗಾ. ಈ ಕುರ್ಚಿ ಮೇಲೆ ಬರೀ ಟೀಚರ್ ಆಯಿ.”

“ಹಂಗಾದ್ರೆ ಯಾಕೆ ಹೇಳ್ಲಿಲ್ಲ?”

“ನೀನು ಕುರ್ಚಿ ತಂದು ಅಷ್ಟು ಖುಷಿ ಪಟ್ಕಂಡಿದ್ದೆ. ಎಂತ ಹೇಳುದು? ಬುಟ್ಟಿ ತಂದವ್ಳು ನೀನು, ನೀನೇ ಇಟ್ಟು ಬಾ.”

ಮರುದಿನ ಮುಂಜಾನೆ ಶಾಲೆಯ ಸೀರೆಯಲ್ಲೇ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಎಷ್ಟು ತೊಳೆದಿದ್ದರೂ ಬುಟ್ಟಿ ತನ್ನ ವಾಸನೆ ಬಿಟ್ಟುಕೊಟ್ಟಿರಲಿಲ್ಲ. ಜಾಗ ಹೋಗಿಯೇಬಿಟ್ಟಿದೆ ಎಂಬ ಹೆದರಿಕೆಗೆ ಕಿಟಕಿಗೆ ತಲೆಯಾನಿಸಿದರೂ ಕನಸು ಬರಲಿಲ್ಲ. ಪೇಟೆಗೆ ಹೋಗಿ ನೋಡಿದರೆ ಆಯಿಯ ಜಾಗದಲ್ಲಿ ಒಂದು ಹಳೆಯ ಕೊಡೆ ಅಡ್ಡ ಮಲಗಿತ್ತು.

“ನಂದೇಯ,” ಅಂದಳು ಮಾದೇವಕ್ಕ, ಬಂಗಡೆಯ ಮೇಲಿನ ನೊಣ ಓಡಿಸುತ್ತ. “ಬುಟ್ಟಿ ವಾಪಸ್ ಬತ್ತದೆ ಅಂತ ಗೊತ್ತಿತ್ತು. ಕಲ್ತವ್ರಿಗೆ ಸ್ವಲ್ಪ ತಡ ಆತದೆ. ಆತು, ಬೋರಲು ಹಾಕಿ ಶಾಲಿಗೆ ಹೋಗಿ ಅಕ್ಕೋರೆ, ಬಸ್ಸು ತಪ್ತದೆ.”

ಈಗ ಆಯಿ ಪೇಟೆಗೆ ಹೋಗುತ್ತಾಳೆ. ಅವಳು ಬರುವುದು ನನಗಿಂತ ತಡ. ನಾನು ಶಾಲೆಯಿಂದ ಬಂದು ಚಾ ಮಾಡಿಕೊಂಡು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಅವಳ ದಾರಿ ನೋಡುತ್ತೇನೆ. ಹಿಂದೆ ತೆಂಗಿನ ಗರಿಗಳು ಮೆಲ್ಲಗೆ ಆಡುತ್ತಿರುತ್ತವೆ. ಬಸ್ಸಿನಲ್ಲಿ ಕಂಡಿದ್ದ ಕನಸು ಹೆಚ್ಚುಕಡಿಮೆ ಹಾಗೇ ನನಸಾಗಿದೆ. ಕುರ್ಚಿಯಲ್ಲಿರುವವಳು ಮಾತ್ರ ಬದಲಾಗಿದ್ದಾಳೆ. ಅವಳಿಗೆ ಅದು ಬಹಳ ಹಿತವಾಗಿಯೂ ಇದೆ.