ಓರೆ ಪಟ್ಟಿ ಕಂಡರೆ ಓಡುವ ಕೋಶ

ಇವತ್ತು ಮಾಡಿದ ಕೆಲಸಗಳು: ಇಡ್ಲಿಗೆ ಅರೆದೆ, ಗ್ಯಾಸ್ ಬುಕ್ ಮಾಡಿದೆ, ಬಾಲ್ಕನಿಯ ಪಾರಿವಾಳವನ್ನು ಮೂರು ಸಲ ಓಡಿಸಿದೆ, ಓರೆಯಾಗಿದ್ದ ಕ್ಯಾಲೆಂಡರನ್ನು ನೇರ ಮಾಡಿದೆ, ರೈಲಿನಲ್ಲಿ ಟಿಸಿ ಕೈಗೆ ಸಿಕ್ಕಿಬಿದ್ದೆ. ಕೊನೆಯದು ನನ್ನ ತಪ್ಪಲ್ಲ. ನನ್ನ ತಲೆಯೊಳಗಿನ ಒಂದು ಕೋಶದ್ದು. ಹೀಗೆ ಹೇಳುವ ಧೈರ್ಯ ಕೊಟ್ಟವಳು ಮಗಳು ಶ್ರಾವ್ಯ.

ಅವಳದು ಇಲಿಗಳ ಮಿದುಳಿನ ಸಂಶೋಧನೆ. ಮುಂಬಯಿಯ ಭಾಂಡುಪಿನ ನಮ್ಮ ಅಡುಗೆಮನೆಗೆ ಇಲಿ ಬಂದರೆ ಮಾತ್ರ ಸ್ಟೂಲು ಹತ್ತುತ್ತಾಳೆ. ಲ್ಯಾಬಿನಲ್ಲಿ ಇಲಿಯ ಮುಂದೆ ಪರದೆಯಿಟ್ಟು ಕಪ್ಪು ಬಿಳಿ ಪಟ್ಟಿ ತೋರಿಸುತ್ತಾರಂತೆ. ಅದರ ಮಿದುಳಿನ ಒಂದು ಕೋಶ ನಿಂತ ಅಂಚು ಕಂಡರೆ ಪಟಪಟ ಮಿಡಿಯುತ್ತದೆ, ಮಲಗಿದ ಅಂಚಿಗೆ ಸುಮ್ಮನಿರುತ್ತದೆ. ಇನ್ನೊಂದಕ್ಕೆ ಓರೆಯೇ ಆಗಬೇಕು. "ಮನುಷ್ಯರಲ್ಲೂ ಇಂಥವು ಇವೆ ಅಮ್ಮ" ಎಂದಳು. ಇರಬಹುದು. ನಮ್ಮ ಯಜಮಾನರ ಕೋಶಗಳಿಗೆ ಮಲಗಿದ್ದೇ ಇಷ್ಟ, ಅದೂ ಸೋಫಾದಲ್ಲಿ.

ಇದನ್ನು ಅವಳು ಸಂಜೆ ಮಾಟುಂಗದ ಮಹಿಳಾ ಬಳಗದಲ್ಲಿ ಕನ್ನಡದಲ್ಲಿ ಹೇಳಬೇಕಿತ್ತು. ಅವಳನ್ನು ಕೇಳದೆ ಒಪ್ಪಿಕೊಂಡು ಬಂದವಳು ನಾನು. ಅವಳು ಇಲ್ಲೇ ಬೆಳೆದ ಹುಡುಗಿ. ನಾಲ್ಕು ವಾಕ್ಯ ದಾಟಿದರೆ ಅವಳ ಕನ್ನಡ ಹಿಂದಿಗೆ ಜಾರುತ್ತದೆ. "ಯಾರಿಗೂ ಅರ್ಥ ಆಗೂದಿಲ್ಲ, ಎಲ್ಲರೂ ನಗ್ತಾರೆ. ಏಕ್ ಉದಾಹರಣೆ ತೋ ದೇ ದೋ ಅಮ್ಮ!" ಎಂದು ಸ್ಟೇಷನ್ನಿನವರೆಗೂ ಪೇಚಾಡಿದಳು. ಸೀರೆಯ ಅಂಚು, ಜಡೆ, ಶಾವಿಗೆ, ನಾನು ಕೊಟ್ಟದ್ದು ಒಂದೂ ಹೊಂದಲಿಲ್ಲ.

ಅಷ್ಟರಲ್ಲಿ ಲೋಕಲ್ ಬಂತು. ಡಬ್ಬಿಯ ಮೈಮೇಲೆ ಓರೆ ಪಟ್ಟಿ! ಇಪ್ಪತ್ತೆಂಟು ವರ್ಷ ಲೋಕಲ್ ಹತ್ತಿದವಳಿಗೆ ಓರೆ ಪಟ್ಟಿಯೆಂದರೆ ಲೇಡೀಸ್ ಡಬ್ಬಿ. ಮಗಳ ಕೈ ಎಳೆದುಕೊಂಡು ಓಡಿ ಹತ್ತಿದೆ. ಏನು ಖಾಲಿ! ಏನು ಕಿಟಕಿ ಗಾಳಿ! ವಿಕ್ರೋಲಿಗೆ ಮುಂಚೆ ಟಿಸಿ ಬಂದು ನಮ್ಮ ಸೆಕೆಂಡ್ ಕ್ಲಾಸ್ ಟಿಕೆಟ್ ನೋಡಿದರು. ಫಸ್ಟ್ ಕ್ಲಾಸಿಗೂ ಓರೆ ಪಟ್ಟಿಯೇ, ಬಣ್ಣ ಮಾತ್ರ ಬೇರೆ. "ಪಟ್ಟಿ ನೋಡಿದಿರಿ ಮಾವಶಿ, ಬಣ್ಣ ನೋಡಲಿಲ್ಲವೇ?" ಎಂದು ಮರಾಠಿಯಲ್ಲಿ ಕೇಳಿದರು.

ನಾನು ನಾಚಿ ನೀರಾಗುತ್ತಿದ್ದರೆ ಶ್ರಾವ್ಯ ಸೀಟಿನಿಂದ ಚಿಮ್ಮಿದಳು. "ಅಮ್ಮ, ಇದೇ ಉದಾಹರಣೆ! ನಿನ್ನ ಕೋಶ ಓರೆ ನೋಡಿತು, ಬಸ್, ಅಷ್ಟೇ, ಬಣ್ಣದ ಪರ್ವಾನೇ ಇಲ್ಲ!" ಟಿಸಿ ತಣ್ಣಗೆ, "ದಂಡ ಇಬ್ಬರಿಗೂ" ಎಂದರು.

ಮಾಟುಂಗದಲ್ಲಿ ಅವಳು ಅದನ್ನೇ ಹೇಳಿದಳು, ಅರ್ಧ ಹಿಂದಿಯಲ್ಲಿ. ಹೆಂಗಸರು ಬಿದ್ದು ಬಿದ್ದು ನಕ್ಕರು, ಆದರೆ ನನ್ನನ್ನು ನೋಡಿ. "ಇಲಿಗೂ ದಂಡ ಹಾಕ್ತಾರಾ ಮಾರಾಯ್ತಿ?" ಎಂದು ಕೇಳಿದರು ಒಬ್ಬರು. ಎಲ್ಲರಿಗೂ ಅರ್ಥವಾಯಿತು: ಇಲಿಯ ಬಗ್ಗೆ ಸಾಕಷ್ಟು, ನನ್ನ ಬಗ್ಗೆ ಪೂರ್ತಿ.

ಊಟಕ್ಕೆ ಕುಚ್ಚಲಕ್ಕಿ ಗಂಜಿ, ಮಾವಿನ ಉಪ್ಪಿನಕಾಯಿ. ಮೊದಲು ನಿದ್ದೆ ಹೋದವರು ಯಜಮಾನರು, ಸೋಫಾದಲ್ಲೇ. ಆಮೇಲೆ ಶ್ರಾವ್ಯ, ನಗುತ್ತಲೇ. ಕ್ಯಾಲೆಂಡರ್ ಮತ್ತೆ ಓರೆಯಾಗಿತ್ತು. ಎರಡು ಸಲ ಎದ್ದು ನೇರ ಮಾಡಿದೆ. ಮೂರನೆಯ ಸಲ ನನ್ನ ತಲೆಯನ್ನೇ ಓರೆ ಮಾಡಿಕೊಂಡು ಮಲಗಿದೆ.