ಭಾನುವಾರ ಮಧ್ಯಾಹ್ನದ ಕರೆಂಟು

ಭಾನುವಾರ ಮಧ್ಯಾಹ್ನ ಎರಡೂವರೆಗೆ, ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು ತಮ್ಮ ಅಪ್ಪನ ಹಳೆಯ ರೇಡಿಯೋದ ಕಿವಿ ತಿರುಪಿದರು. ಅಪ್ಪ ಹೋದ ಮೇಲೆ ಇಪ್ಪತ್ತು ವರ್ಷ ಮೂಲೆ ಹಿಡಿದಿದ್ದ ರೇಡಿಯೋ ಅದು, ಮೊನ್ನೆ ತಾನೆ ರಿಪೇರಿಯಾಗಿ ಬಂದಿತ್ತು. ಇಡೀ ಮನೆ ಅದುರುವಂತೆ ಗೊರಗುಟ್ಟಿತು. ಐದೇ ನಿಮಿಷ. ಆಮೇಲೆ ಅದರ ಹಳದಿ ದೀಪ ಆರಿತು, ಮೇಲೆ ಫ್ಯಾನೂ ನಿಂತಿತು. ಮುಂದಿನ ಕೋಣೆಯಲ್ಲಿ ಕರೆಂಟು ಹೋಗಿತ್ತು.

ಬೇರೆ ದಿನವಾಗಿದ್ದರೆ ಅವರು ಬಿಟ್ಟುಬಿಡುತ್ತಿದ್ದರು. ಇವತ್ತು ಮೂರು ಗಂಟೆಗೆ ರೇಡಿಯೋದಲ್ಲಿ ಅಪ್ಪನ ಭಾಷಣವಿತ್ತು. ಊರಿಗೆಲ್ಲ ವೈರಿಂಗ್ ಮಾಡಿದ ಅಪ್ಪನನ್ನು ರೇಡಿಯೋದವರು ಒಮ್ಮೆ ಕರೆಸಿ, ‘ಮನೆಯಲ್ಲಿ ಕರೆಂಟು ಹೋದಾಗ’ ಎಂಬ ವಿಷಯದ ಮೇಲೆ ಹದಿನೈದು ನಿಮಿಷ ಮಾತಾಡಿಸಿದ್ದರು. ಅಂದು ಮಕ್ಕಳೆಲ್ಲ ರೇಡಿಯೋ ಮುಂದೆ ಕೂತಿದ್ದಾಗ ಇದೇ ಕೋಣೆಯಲ್ಲಿ ಕರೆಂಟು ಹೋಗಿ, ಒಂದಕ್ಷರವೂ ಕೇಳಿಸಿರಲಿಲ್ಲ. ಅಪ್ಪನ ದನಿ ಬೇರೆಲ್ಲೂ ಉಳಿದಿರಲಿಲ್ಲ. ಬೈಂಡರು ಆರು ಕಾಗದ ಬರೆದು, ಕಾಡಿ ಬೇಡಿ, ಮರುಪ್ರಸಾರಕ್ಕೆ ಒಪ್ಪಿಸಿದ್ದರು. ಒಳಕೋಣೆಯಲ್ಲಿ ಮಲಗಿದ್ದ ಎಂಬತ್ತರ ಅಮ್ಮನಿಗೆ ಸುಳಿವು ಕೊಟ್ಟಿರಲಿಲ್ಲ. ಮೂರಕ್ಕೆ ಸರಿಯಾಗಿ ಎಬ್ಬಿಸಿ, ಗಂಡನ ದನಿ ಕೇಳಿಸಿ, ಅಮ್ಮನ ಮುಖ ನೋಡಬೇಕೆಂದು ಅವರ ಆಸೆ.

ಅಮ್ಮನ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು. ಅಡುಗೆಮನೆಯಲ್ಲಿ ದೀಪ ಹತ್ತುತ್ತಿತ್ತು. ಮುಂದಿನ ಕೋಣೆಯ ಫ್ಯೂಸು ಕಿತ್ತು ನೋಡಿದರೆ ತಂತಿ ಗಟ್ಟಿಯಾಗಿತ್ತು. ರೇಡಿಯೋವನ್ನೇ ಅಡುಗೆಮನೆಗೆ ಒಯ್ಯೋಣವೆಂದರೆ, ಅದರ ದಪ್ಪ ಕಾಲಿನ ಪ್ಲಗ್ಗು ಅಪ್ಪ ಕೂರಿಸಿದ ಆ ಒಂದು ಸಾಕೆಟ್ಟನ್ನು ಬಿಟ್ಟು ಇನ್ನೆಲ್ಲೂ ಕೂರುತ್ತಿರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಆಸ್ಪತ್ರೆ ಕಾಂಪೌಂಡರು ಬಂದರು. ಸ್ವಿಚ್ ಬೋರ್ಡಿಗೆ ಕಿವಿಯಿಟ್ಟು, “ಎಷ್ಟು ಹೊತ್ತಿಂದ ಹೀಗಿದೆ?” ಎಂದು ಕೇಳಿದರು.

“ಈಗ ತಾನೆ.”

“ಮೊದಲು ಯಾವಾಗಾದ್ರೂ ಹೀಗಾಗಿತ್ತಾ?”

ಆಗಿತ್ತು. ಬೈಂಡರಿಗೆ ಬಾಲ್ಯ ಕಣ್ಣಮುಂದೆ ಬಂತು. ಎಷ್ಟೋ ಭಾನುವಾರ ಮಧ್ಯಾಹ್ನ ಹೀಗೇ ಕರೆಂಟು ಹೋಗುತ್ತಿತ್ತು. ಅಪ್ಪ ಜೇಬಿನಿಂದ ಟೆಸ್ಟರ್ ತೆಗೆದು ಹೊರಡುತ್ತಿದ್ದರು, ಹಿಂದೆ ಟಾರ್ಚು ಹಿಡಿದು ಇವರು, ಇವರ ಹಿಂದೆ ಮೂವರು ತಂಗಿಯರು. “ಸದ್ದು ಮಾಡಬೇಡ್ರೋ, ಕರೆಂಟು ಎಲ್ಲಿ ಅಡಗಿದೆ ಅಂತ ಕೇಳಿಸಬೇಕು” ಎಂದು ಅಪ್ಪ ಪಿಸುಗುಡುತ್ತಿದ್ದರು. ಗಂಟೆಗಟ್ಟಲೆ ಹುಡುಕಿದ ಮೇಲೆ ಕರೆಂಟು ಬಂದೇ ಬರುತ್ತಿತ್ತು. ಅಪ್ಪನಂಥ ಎಲೆಕ್ಟ್ರಿಷಿಯನ್ ಜಗತ್ತಿನಲ್ಲೇ ಇಲ್ಲವೆಂದು ಅವರು ಆಗ ನಂಬಿದ್ದರು. ಈಗಲೂ ನಂಬಿದ್ದರು.

ಕಾಂಪೌಂಡರು ಬೋರ್ಡಿನ ಮುಚ್ಚಳ ಬಿಚ್ಚಿದರು. ಒಂದು ಸ್ಕ್ರೂ ಬೀರುವಿನ ಕೆಳಗೆ ಉರುಳಿತು. ಅದನ್ನು ತೆಗೆಯಲು ಬೀರು ಸರಿಸಿದ ಸದ್ದಿಗೆ ಮಹಡಿಯ ಮನೆಯ ಬಸ್ ಡ್ರೈವರು ಇಳಿದು ಬಂದರು.

“ಗಾಡಿ ಕೈಕೊಟ್ರೆ ಪೂರ್ತಿ ಆಫ್ ಮಾಡಿ ಸ್ಟಾರ್ಟ್ ಮಾಡ್ಬೇಕು ಸಾರ್,” ಎಂದವರೇ ಮೇನ್ ಸ್ವಿಚ್ಚನ್ನು ಕೆಳಗೆಳೆದರು. ಅಮ್ಮನ ಫ್ಯಾನೂ ನಿಂತಿತು. ಒಳಗಿನಿಂದ ಕೆಮ್ಮು ಕೇಳಿಸಿತು.

ಬೈಂಡರಿಗೆ ಜೀವ ಬಾಯಿಗೆ ಬಂತು. “ಮೇಲೆ ಎತ್ರಿ, ಅಮ್ಮ ಎದ್ದುಬಿಡ್ತಾರೆ. ಏನು ಬೇಕಾದ್ರೂ ಬಿಚ್ಚಿ, ಆ ಕೋಣೆ ತಂಟೆಗೆ ಮಾತ್ರ ಹೋಗ್ಬೇಡಿ.”

ಡ್ರೈವರು ಸ್ವಿಚ್ಚನ್ನು ಮೇಲೆತ್ತಿದರು. ಮೂರು ಹೊಡೆಯಿತು. “ನಮ್ಮನೆ ರೇಡಿಯೋದಲ್ಲಿ ಕೇಳಿ ಬನ್ನಿ,” ಎಂದರು ಡ್ರೈವರು. ಬೈಂಡರು ಒಪ್ಪಲಿಲ್ಲ. ಅಪ್ಪನ ದನಿ ಅಪ್ಪನ ರೇಡಿಯೋದಲ್ಲೇ ಬರಬೇಕು. ಹಟ ಅಪ್ಪನದೇ.

ಮೂರೂ ಜನ ಒಂದೊಂದು ತಂತಿಯನ್ನೂ ಎಳೆದು ನೋಡಿದರು, ಬಿಗಿ ಮಾಡಿದರು, ಬಿಚ್ಚಿದ್ದನ್ನೆಲ್ಲ ಮತ್ತೆ ಕೂರಿಸಿದರು. ಮೂರೂ ಹನ್ನೆರಡಕ್ಕೆ ಬೈಂಡರು ಸೋತು, ತಲೆಯ ಮೇಲೆ ಕೈಹೊತ್ತು ರೇಡಿಯೋ ಮುಂದೆ ಕೂತರು. ಐವತ್ತೆಂಟರ ಗಂಡಸಿಗೆ ಅಳು ಬರುವಂತಾಗಿತ್ತು.

ಆಗ ಅಮ್ಮನ ಮಂಚ ಕಿರುಗುಟ್ಟಿತು. ಒಳಗೆಲ್ಲೋ ‘ಟಕ್’ ಎಂದಿತು. ಮುಂದಿನ ಕೋಣೆಯ ಫ್ಯಾನು ತಿರುಗಿತು. ರೇಡಿಯೋದ ಹಳದಿ ದೀಪ ಹತ್ತಿತು. ಹಳೆಯ ಯಂತ್ರ, ಬಿಸಿಯಾಗಲು ಪುರುಸೊತ್ತು ಬೇಕು. ಬೈಂಡರು ಅದರ ಮೈ ಸವರುತ್ತ ಕಾದರು. ಕೊನೆಗೆ ಗೊರಗೊರ ಸದ್ದಿನ ನಡುವೆ ಅಪ್ಪ ಮಾತಾಡಿದರು.

“...ಇಷ್ಟೆಲ್ಲ ಮಾಡಿದರೂ ಕರೆಂಟು ಬರಲಿಲ್ಲ ಅನ್ನಿ, ಆಗ ಮನೆಯಾಕೆ ನಿದ್ದೆಯಿಂದ ಏಳುವವರೆಗೆ ಸುಮ್ಮನೆ ಕಾಯಿರಿ. ನಮಸ್ಕಾರ.”

ಬಾಗಿಲಲ್ಲಿ ಅಮ್ಮ ನಿಂತಿದ್ದರು. “ಅವರ ದನಿ ಅಲ್ವೇನೋ?”

“ಅಮ್ಮಾ, ಒಳಗೆ ಏನು ಟಕ್ ಅಂದದ್ದು?”

“ಕನ್ನಡಿ ಹಿಂದಿನ ಸ್ವಿಚ್ಚು. ನಿಮ್ಮಪ್ಪ ನನಗೋಸ್ಕರ ಹಾಕಿಕೊಟ್ಟಿದ್ದು. ನಾಲ್ಕು ಮಕ್ಕಳು, ಮೇಲೆ ಈ ರೇಡಿಯೋ. ವಾರಕ್ಕೊಂದು ದಿನ ನಿದ್ದೆ ಬೇಡ್ವಾ ನನಗೆ? ಇವತ್ತೂ ಇದು ಅರಚಿಕೊಳ್ತು, ಆರಿಸಿದೆ.”

“ಮತ್ತೆ ಅಪ್ಪ ಟೆಸ್ಟರ್ ಹಿಡಿದು ಹುಡುಕ್ತಿದ್ದದ್ದು?”

“ನಿಮ್ಮನ್ನ ಸುಮ್ಮನಿರಿಸೋಕೆ.”

“ಅವರ ಭಾಷಣದ ದಿನವೂ ನೀನೇನಾ?”

“ಅವತ್ತೂ ಭಾನುವಾರ ಅಲ್ವಾ? ಅವರೇ ಬಂದು, ನೀನು ಮಲಕ್ಕೋ, ಅದರಲ್ಲೇನಿದೆ ಅಂದ್ರು.” ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ಇನ್ನೊಂದು ಸಲ ಹಾಕಿಸ್ತೀಯೇನೋ? ಪೂರ್ತಿ ಕೇಳ್ಬೇಕು.”

ನೆರೆಯವರಿಬ್ಬರೂ ಮೆಲ್ಲಗೆ ಜಾಗ ಖಾಲಿ ಮಾಡಿದರು. ಬೈಂಡರಿಗೆ ಅಪ್ಪನ ಮೇಲೆ ಸಿಟ್ಟೂ ಬಂತು, ಎಂದಿಗಿಂತ ಹೆಚ್ಚು ಪ್ರೀತಿಯೂ ಬಂತು. ಕೂತು ಏಳನೆಯ ಕಾಗದ ಬರೆದರು: ‘ದಯವಿಟ್ಟು ಭಾನುವಾರ ಮಧ್ಯಾಹ್ನ ಮಾತ್ರ ಬೇಡ.’

ಅಮ್ಮ ಕನ್ನಡಕ ಹಾಕಿಕೊಂಡು ಓದಿದರು.

“ಯಾವ ಮಧ್ಯಾಹ್ನವೂ ಬೇಡ ಅಂತ ಬರಿ. ವಯಸ್ಸಾಯ್ತು ನೋಡು, ಈಗ ದಿನಾ ಮಲಗ್ತೀನಿ.”